ಕೈ ಎಲ್ಲಿ ನಿಲ್ಲಬೇಕು

ಮೊನ್ನೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಡಬದ ಬಸ್ಸು ಹೊರಡಲು ತಯಾರಾಗಿ ಗುರುಗುಡುತ್ತಿತ್ತು. ಒಳಗೆ ಕಿಟಕಿ ಬದಿಯಲ್ಲಿ ಒಬ್ಬಳು ಕಾಲೇಜು ಹುಡುಗಿ, ಹೊರಗೆ ಅಂಗಡಿಯ ಮಾಡಿನ ಕೆಳಗೆ ಅವಳ ಗೆಳತಿ. ಮಳೆಗೆ ಕಿಟಕಿಯ ಗಾಜು ಎಳೆದಿತ್ತು. ಸುತ್ತಲಿನವರೆಲ್ಲ ಎಂಜಿನ್ ಸದ್ದನ್ನು ಮೀರಿಸಲು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರಿಬ್ಬರು ಗಾಜಿನ ಆಚೀಚೆ ಕೈಯಲ್ಲೇ ನೆಮ್ಮದಿಯಾಗಿ ಮಾತಾಡುತ್ತಿದ್ದರು. ಬಸ್ಸು ಹೊರಟಿತು. ಹೊರಗಿನವಳು ಏನೋ ಕೇಳಿದಳು. ಒಳಗಿನವಳು ತಿರುಗಿ, ‘ಶನಿವಾರ ಅಲ್ಲ, ಭಾನುವಾರ’ ಎಂದಳು.

ನನಗೆ ಅರ್ಥವಾಯಿತು. ಬೇರೆಯವರ ಮಾತು ಕದ್ದು ಕೇಳಿದ ಹಾಗಾಯಿತಲ್ಲ ಎಂದು ಮುಖ ಆಚೆ ಮಾಡಿದೆ. ಆದರೆ ಸುಳ್ಯ ತಲುಪುವವರೆಗೂ ಮನಸ್ಸು ಒಂದು ಮಳೆಗಾಲದಲ್ಲೇ ಇತ್ತು. ನಾನು ಆ ಭಾಷೆ ಕಲಿತ ಮಳೆಗಾಲ. ನನ್ನ ಕೆಲಸವನ್ನೂ ನಿಜವಾಗಿ ಕಲಿತದ್ದು ಆಗಲೇ.

ಆಗ ನಾನು ಪುತ್ತೂರಿನಲ್ಲಿ ಗಣೇಶಣ್ಣನ ಸ್ಟುಡಿಯೋದಲ್ಲಿದ್ದೆ. ಮೆಡಿಕಲ್ ಅಂಗಡಿಯ ಮೇಲಿನ ಮಹಡಿ. ಎರಡು ಕೋಣೆ, ನಾಲ್ಕು ಕಂಪ್ಯೂಟರ್. ನಾನು ಸುಳ್ಯದ ಹತ್ತಿರದ ಮರ್ಕಂಜದವಳು. ಮಂಗಳೂರಿನಲ್ಲಿ ಅನಿಮೇಶನ್ ಕಲಿತು ಬಂದು ಇಲ್ಲಿ ಸೇರಿದ್ದೆ. ಆಭರಣದಂಗಡಿಯ ಜಾಹೀರಾತಿನಲ್ಲಿ ಸರ ಸುತ್ತು ತಿರುಗುವುದು, ಮದುವೆ ವಿಡಿಯೋದಲ್ಲಿ ಹೆಸರುಗಳು ಹೂವಿನಿಂದ ಅರಳುವುದು, ಅಡಿಕೆ ಸುಲಿಯುವ ಯಂತ್ರದ ಬಾಯಿಗೆ ಅಡಿಕೆ ಉರುಳುವುದು, ಇವೆಲ್ಲ ನನ್ನ ಕೈಯಲ್ಲಿ ಆಗುತ್ತಿದ್ದವು. ಕೆಲಸ ಬರುತ್ತದೆ ಎಂಬ ಧೈರ್ಯ ನನಗಿತ್ತು. ಅದು ಸುಳ್ಳು ಧೈರ್ಯವೇನಲ್ಲ. ಸರ ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಊರಿನಲ್ಲಿರಲಿಲ್ಲ.

ಮೊದಲ ಮಳೆ ಬಿದ್ದ ವಾರ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಒಬ್ಬರು ಸುಮತಿ ಟೀಚರ್. ಕಡಬ ಪೇಟೆಯಿಂದ ಸ್ವಲ್ಪ ಆಚೆ, ಕಿವಿ ಕೇಳದ ಮಕ್ಕಳ ಒಂದು ಪುಟ್ಟ ಶಾಲೆಯ ಮುಖ್ಯೋಪಾಧ್ಯಾಯಿನಿ. ಇನ್ನೊಬ್ಬರು ಅದೇ ಶಾಲೆಯ ಲಿಸ್ಸಿ ಟೀಚರ್. ಹಿಂದೆ ಕೇರಳದಿಂದ ಬಂದು ಕಡಬದಲ್ಲಿ ನೆಲೆನಿಂತ ರಬ್ಬರ್ ತೋಟದ ಮನೆಯವರು. ಹುಟ್ಟಿದಂದಿನಿಂದ ಅವರಿಗೂ ಕಿವಿ ಕೇಳುವುದಿಲ್ಲ. ಒದ್ದೆ ಛತ್ರಿಯನ್ನು ಬಾಗಿಲ ಬಳಿ ನಿಲ್ಲಿಸಿ, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಅವರು ಕುರ್ಚಿಯಲ್ಲಿ ಕೂತ ರೀತಿಯಲ್ಲೇ ಬಸುರಿ ಎಂದು ಗೊತ್ತಾಗುತ್ತಿತ್ತು.

“ವಿಷಯ ಎಂತ ಅಂದ್ರೆ, ಲಿಸ್ಸಿ ಇನ್ನು ಸ್ವಲ್ಪ ಸಮಯದಲ್ಲಿ ರಜೆ ಹೋಗುದು” ಎಂದರು ಸುಮತಿ ಟೀಚರ್. “ನಮಗೆಲ್ಲ ಸನ್ನೆ ಭಾಷೆ ಬರ್ತದೆ. ಬರ್ತದೆ ಅಂದ್ರೆ, ನಾವು ಪುಸ್ತಕ ನೋಡಿ ಇಂಗ್ಲಿಷ್ ಕಲಿತ ಹಾಗೆ. ಸಣ್ಣ ಮಕ್ಕಳಿಗೆ ಭಾಷೆ ಹತ್ತುದು ಇವಳಿಂದ ಮಾತ್ರ. ಇವಳು ಇಲ್ಲದ ಆರು ತಿಂಗಳು ಆ ಮಕ್ಕಳು ಎಂತ ಮಾಡುದು?”

“ವಿಡಿಯೋ ತೆಗೆದಿಡಬಹುದಲ್ಲ ಟೀಚರ್?” ಎಂದೆ.

“ತೆಗೆದು ನೋಡಿದ್ದೇವೆ ಮಾರಾಯ್ತಿ. ಟಿವಿಯಲ್ಲಿ ಇವಳನ್ನು ಕಂಡ ಕೂಡ್ಲೆ ಪಾಠ ನೋಡುದು ಬಿಟ್ಟು ಇವಳನ್ನೇ ಮಾತಾಡಿಸ್ತಾರೆ. ಉತ್ತರ ಕೊಡುದಿಲ್ಲ ಅಂತ ಅಳು ಬೇರೆ. ಗೊಂಬೆ ಆದ್ರೆ ಹಾಗೆ ಆಗ್ಲಿಕ್ಕಿಲ್ಲ. ತಿರುಗಿಸಿ ಬದಿಯಿಂದಲೂ ತೋರಿಸಬಹುದು, ನಿಧಾನ ಮಾಡಬಹುದು.”

ಲಿಸ್ಸಿ ಟೀಚರ್ ನಮ್ಮ ತುಟಿಗಳನ್ನೇ ನೋಡುತ್ತಿದ್ದರು. ಮೊಬೈಲಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದರು: “ಕೈಗಳು ಸರಿ ಬರಬೇಕು. ಮುಖ ಚಂದ ಇಲ್ಲದಿದ್ದರೂ ಪರವಾಗಿಲ್ಲ.”

ಒಂದು ಹುಡುಗಿಯ ಗೊಂಬೆ ಮಾಡಿದೆ. ಎರಡು ಜಡೆ, ಹಳದಿ ಅಂಗಿ, ಬೆರಳುಗಳು ಸ್ಪಷ್ಟವಾಗಿ ಕಾಣಲೆಂದು ಕೈ ಮಾತ್ರ ಸ್ವಲ್ಪ ದೊಡ್ಡದು. ಲಿಸ್ಸಿ ಟೀಚರ್ ಪಾಠ ಹೇಳುವುದನ್ನು ಮೊಬೈಲಿನಲ್ಲಿ ಹಿಡಿದು ತಂದು, ಅದನ್ನು ನೋಡಿ ಗೊಂಬೆಯ ಕೈಗಳನ್ನು ಕೂರಿಸತೊಡಗಿದೆ. ನಮ್ಮ ಕೆಲಸದಲ್ಲಿ ಪ್ರತಿಯೊಂದು ಕ್ಷಣದ ಚಿತ್ರವನ್ನೂ ನಾವು ಮಾಡುವುದಿಲ್ಲ. ಕೈ ಗಲ್ಲದ ಹತ್ತಿರ ಇರುವ ಒಂದು ಭಂಗಿ, ಎದೆಯ ಹತ್ತಿರ ಇರುವ ಇನ್ನೊಂದು ಭಂಗಿ, ಹೀಗೆ ಮುಖ್ಯವಾದವನ್ನು ಮಾತ್ರ ಇಡುತ್ತೇವೆ. ಇವಕ್ಕೆ ಕೀಫ್ರೇಮ್ ಎನ್ನುತ್ತಾರೆ. ನಡುವಿನ ದಾರಿಯನ್ನು ಕಂಪ್ಯೂಟರ್ ತುಂಬಿಸುತ್ತದೆ, ನಯವಾಗಿಯೇ ತುಂಬಿಸುತ್ತದೆ. ಎಲ್ಲಿ ಬೇಗ, ಎಲ್ಲಿ ನಿಧಾನ ಎನ್ನುವುದು ಪರದೆಯ ಇನ್ನೊಂದು ಬದಿಯಲ್ಲಿ ಒಂದು ಬಳುಕುವ ಗೆರೆಯಾಗಿ ಕಾಣುತ್ತದೆ. ಗೆರೆ ಕಡಿದಾಗಿ ಏರಿದರೆ ವೇಗ, ಮಲಗಿದರೆ ನಿಧಾನ. ಸರ ತಿರುಗಿಸುವವರಿಗೆ ಆ ಗೆರೆಯನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಕಂಪ್ಯೂಟರ್ ಕೊಟ್ಟದ್ದೇ ಚಂದ.

ಮೊದಲ ಪಾಠ ಮಳೆಗಾಲದ್ದೇ. ಶಾಲೆಯ ಹಿಂದೆ ಒಂದು ತೋಡು ಹರಿಯುತ್ತದೆ. ಬೇಸಗೆಯಲ್ಲಿ ಪಾದ ಮುಳುಗದಷ್ಟು ನೀರು, ಮಳೆ ಜೋರಾಗುವ ಆಟಿ ತಿಂಗಳಲ್ಲಿ ಕೆಂಪಾಗಿ ಉಕ್ಕುತ್ತದೆ. ಮಳೆ ಬರುವಾಗ ತೋಡಿಗೆ ಇಳಿಯಬೇಡಿ ಎಂದು ಗೊಂಬೆ ಹೇಳಬೇಕಿತ್ತು. ಮಾಡಿ ಮುಗಿಸಿದಾಗ ಗಣೇಶಣ್ಣ ನನ್ನ ಹಿಂದೆ ನಿಂತು ನೋಡಿ, “ಬೆಣ್ಣೆ ಹಾಗೆ ಉಂಟು ಮಾರಾಯ್ತಿ!” ಎಂದ. ನನಗೂ ಹಾಗೇ ಕಂಡಿತ್ತು.

ಕಡಬಕ್ಕೆ ಹೋಗಿ ಮಕ್ಕಳಿಗೆ ತೋರಿಸಿದೆವು. ಚಾಪೆಯ ಮೇಲೆ ಕೂತಿದ್ದ ಚಿಕ್ಕವರು ಗೊಂಬೆಯ ಜಡೆ ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಪಕ್ಕದವರ ಜೊತೆ ಮಾತಿಗಿಳಿದರು. ಕೊನೆಯವರೆಗೆ ನೋಡಿದವಳು ಅಫ್ರಾ ಒಬ್ಬಳೇ. ಜಾಲ್ಸೂರಿನ ಹುಡುಗಿ, ಆ ವರ್ಷವಷ್ಟೇ ಶಾಲೆಗೆ ಸೇರಿ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಯಾರಿಗೂ ಸನ್ನೆ ಬಾರದ್ದರಿಂದ ಇಲ್ಲಿಗೆ ಬರುವವರೆಗೆ ಅವಳಿಗೆ ಭಾಷೆಯೇ ಇರಲಿಲ್ಲವಂತೆ. ಈಗ ಸಿಕ್ಕಿದ್ದನ್ನು ಹಸಿದವರ ಹಾಗೆ ನುಂಗುತ್ತಿದ್ದಳು.

ಚಿತ್ರ ಮುಗಿದದ್ದೇ ಅವಳು ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದ ತನ್ನ ಪುಟ್ಟ ಛತ್ರಿ ತೆಗೆದುಕೊಂಡು ಬಾಗಿಲಲ್ಲಿ ನಿಂತಳು. ಲಿಸ್ಸಿ ಟೀಚರ್ ಎಲ್ಲಿಗೆ ಎಂದು ಕೇಳಿದರು. ಅಫ್ರಾ ಉತ್ಸಾಹದಿಂದ ಉತ್ತರ ಕೊಟ್ಟಳು. ಸುಮತಿ ಟೀಚರ ಮುಖ ಬಿಳಿಚಿಕೊಂಡಿತು.

“ಎಂತ ಹೇಳಿದ್ಲು?” ಎಂದು ಕೇಳಿದೆ.

“ಮಳೆ ಬಂದ್ರೆ ತೋಡಿಗೆ ಹೋಗ್ಬೇಕು, ಆ ಹುಡುಗಿ ಹೇಳಿದ್ದಾಳೆ, ಅಂತ.”

ಸನ್ನೆ ಭಾಷೆಯಲ್ಲಿ ‘ಬೇಡ’ ಎನ್ನುವುದು ವಾಕ್ಯದ ಕೊನೆಯಲ್ಲಿ ಬರುತ್ತದೆ. ಲಿಸ್ಸಿ ಟೀಚರ್ ಅದನ್ನು ಕೈಯ ಒಂದು ಚಿಕ್ಕ, ಚುರುಕಾದ ಬೀಸಿನಲ್ಲಿ ಹೇಳಿದ್ದರು. ಹತ್ತಿರ ಹತ್ತಿರದಲ್ಲಿದ್ದ ಆ ಭಂಗಿಗಳು ಚಲನೆಯಲ್ಲಿ ಸಣ್ಣ ನಡುಕದ ಹಾಗೆ ಕಂಡದ್ದರಿಂದ ನಾನು ಅವನ್ನು ತೆಗೆದು ಹಾಕಿದ್ದೆ, ಎಲ್ಲ ನಯವಾಗಿ ಹರಿಯಲೆಂದು. ಗೊಂಬೆಯ ಕೈ ‘ತೋಡು’ ಎಂಬ ಪದದಿಂದ ಮೆಲ್ಲಗೆ ಇಳಿದು ಮಡಿಲಲ್ಲಿ ಕೂತಿತ್ತು.

ಲಿಸ್ಸಿ ಟೀಚರ್ ಸಿಟ್ಟಾಗಲಿಲ್ಲ. ಅಫ್ರಾಳ ಛತ್ರಿ ಮಡಚಿಟ್ಟು, ಅವಳನ್ನು ಎದುರು ಕೂರಿಸಿಕೊಂಡು ಆ ವಾಕ್ಯವನ್ನು ತಾವೇ ಹೇಳಿದರು. ಅವಳು ಅದನ್ನು ತಿರುಗಿ ಹೇಳುವವರೆಗೆ ಬಿಡಲಿಲ್ಲ. ಆಮೇಲೆ ನನಗೆ ಬರೆದು ತೋರಿಸಿದರು: “ನಿಮ್ಮ ಹುಡುಗಿ ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡ್ತಾಳೆ.”

ಪುತ್ತೂರಿಗೆ ಬಂದವಳು ಎಲ್ಲವನ್ನೂ ಮತ್ತೆ ಬಿಡಿಸಿದೆ. ಪ್ರತಿ ಸನ್ನೆಗೂ ಕೈ ನೇರವಾಗಿ ಹೋಗಿ ಗಟ್ಟಿಯಾಗಿ ನಿಲ್ಲುವಂತೆ ಮಾಡಿದೆ. ಬಾಗುವುದಿಲ್ಲ, ಬಳುಕುವುದಿಲ್ಲ. ಮುಂದಿನ ವಾರ ಅದನ್ನು ತೋರಿಸಿದಾಗ ಪ್ರತಿಯೊಂದು ಪದವೂ ಮಕ್ಕಳಿಗೆ ಅರ್ಥವಾಯಿತು. ಆದರೆ ಮಧ್ಯಾಹ್ನದ ಊಟದ ಸಾಲಿನಲ್ಲಿ ಇಡೀ ಶಾಲೆ ಯಂತ್ರಮನುಷ್ಯರ ಹಾಗೆ ಕೈ ಕಾಲು ಕಡಿದು ಕಡಿದು ನಡೆಯುತ್ತಿತ್ತು. ಮುಂದಾಳು ಅಫ್ರಾ. ಅನ್ನ ಬಡಿಸುವ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಲಿಸ್ಸಿ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹೊಟ್ಟೆ ಹಿಡಿದು ಕೂತು, ನನ್ನನ್ನು ಪಕ್ಕಕ್ಕೆ ಕರೆದರು.

ಆ ದಿನ ಅವರು ಕೊಟ್ಟ ಸಲಹೆ ಸರಳವಾಗಿತ್ತು: “ಮೊದಲು ನೀವು ಮಾತಾಡ್ಲಿಕ್ಕೆ ಕಲೀರಿ.”

ಹಾಗೆ ನಾನು ಆ ಶಾಲೆಯ ವಿದ್ಯಾರ್ಥಿಯಾದೆ. ಬೆಳಗ್ಗಿನ ಬಸ್ಸಿಗೆ ಕಡಬಕ್ಕೆ ಹೋಗಿ ಚಿಕ್ಕ ಮಕ್ಕಳ ಜೊತೆ ಚಾಪೆಯ ಮೇಲೆ ಕೂರುವುದು, ಮಧ್ಯಾಹ್ನ ಪುತ್ತೂರಿಗೆ ಬಂದು ಕಂಪ್ಯೂಟರ್ ಮುಂದೆ ಕೂರುವುದು. ಗಣೇಶಣ್ಣ ಗೊಣಗಿದ. “ಜ್ಯುವೆಲ್ಲರಿಯವರು ದಿನಾ ಫೋನ್ ಮಾಡ್ತಾರೆ ಹೇಮಾ. ಸರಕ್ಕೆ ಒಂದು ಸುತ್ತು ತಿರುಗಿಸಿ ಕೊಟ್ಟು ಹೋಗು, ಮತ್ತೆ ನೀನು ಬೇಕಾದ್ರೆ ಒಂದನೇ ಕ್ಲಾಸಿಗೆ ಸೇರು.” ಸರವನ್ನೂ ತಿರುಗಿಸಿದೆ, ಒಂದನೇ ಕ್ಲಾಸಿಗೂ ಹೋದೆ. ಗೊಣಗಿದರೂ ಅವನು ಒಂದು ದಿನವೂ ತಡೆಯಲಿಲ್ಲ. ಅದನ್ನು ಹೇಳಲೇಬೇಕು.

ಕಲಿಯುತ್ತಾ ಹೋದ ಹಾಗೆ ಕೈಗಳು ನನಗೆ ಬೇರೆಯೇ ಆಗಿ ಕಾಣತೊಡಗಿದವು. ಮೊದಲಿಗೆ ನನ್ನ ಕೈ ಒಂದು ಪದದ ಜಾಗಕ್ಕೆ ಹೋಗಿ ಮುಟ್ಟಿದ ಮೇಲೆ ಬೆರಳು ಮಡಚುತ್ತಿತ್ತು. ಟೀಚರ ಬೆರಳುಗಳೋ ದಾರಿಯಲ್ಲೇ ಮುಂದಿನ ಪದದ ಆಕಾರಕ್ಕೆ ಬಂದುಬಿಡುತ್ತಿದ್ದವು. ಕೈ ತಲುಪಿದಾಗ ಪದ ಆಗಲೇ ತಯಾರು. ಪದಗಳ ನಡುವಿನ ದಾರಿಯನ್ನು ಅವರು ಸರ್ರನೆ ದಾಟುತ್ತಿದ್ದರು. ಪದ ಇರುವಲ್ಲಿ ಮಾತ್ರ, ಕಣ್ಣಿಗೆ ಅದು ಸಿಕ್ಕುವಷ್ಟು ಹೊತ್ತು, ಕೈ ನಿಲ್ಲುತ್ತಿತ್ತು. ಪ್ರಶ್ನೆ ಕೇಳುವಾಗ ಕೊನೆಯ ಪದದಲ್ಲಿ ಇನ್ನಷ್ಟು ನಿಂತು ಹುಬ್ಬು ಏರಿಸುತ್ತಿದ್ದರು. ಗದರಿಸುವಾಗ ಕೈ ಮೆಲ್ಲಗೆ ಹೊರಟು ರಪ್ಪನೆ ಬೀಳುತ್ತಿತ್ತು, ಮುದ್ದು ಮಾಡುವಾಗ ಬೇಗ ಹೊರಟು ಮೆಲ್ಲಗೆ ಇಳಿಯುತ್ತಿತ್ತು. ಪದ ಅದೇ, ಜಾಗ ಅದೇ, ನಡುವಿನ ವೇಗ ಮಾತ್ರ ಬೇರೆ.

ಅಂದರೆ ನಾನು ಮುಟ್ಟದೆ ಬಿಟ್ಟಿದ್ದ ಆ ಬಳುಕುವ ಗೆರೆಯಲ್ಲೇ ಮಾತಿನ ಅರ್ಧ ಇತ್ತು!

ಗೆರೆಯನ್ನು ಕೈಗೆತ್ತಿಕೊಂಡೆ. ಪ್ರತಿ ಕೀಫ್ರೇಮಿನ ಎರಡೂ ಬದಿಗೆ ಹಿಡಿಕೆಗಳಿರುತ್ತವೆ. ಎಳೆದರೆ ಗೆರೆ ಬಾಗುತ್ತದೆ. ಪದದ ಜಾಗದಲ್ಲಿ ಗೆರೆಯನ್ನು ಚಪ್ಪಟೆ ಮಾಡಿದೆ, ದಾರಿಯಲ್ಲಿ ಕಡಿದಾಗಿಸಿದೆ. ಭುಜ ಮೊದಲು ಹೊರಡಬೇಕು, ಮಣಿಕಟ್ಟು ಹಿಂಬಾಲಿಸಬೇಕು, ಬೆರಳು ಮಾತ್ರ ಅವೆರಡಕ್ಕಿಂತ ಮುಂಚೆ ಸಿದ್ಧವಾಗಬೇಕು. ಮೂರಕ್ಕೂ ಬೇರೆ ಬೇರೆ ಗೆರೆ, ಬೇರೆ ಬೇರೆ ಬಾಗು. ಒಂದು ವಿಚಿತ್ರವೂ ಕಣ್ಣಿಗೆ ಬಿತ್ತು. ಗಲ್ಲದ ಹತ್ತಿರ ಕೈ ನಿಲ್ಲಲಿ ಎಂದು ಅದೇ ಭಂಗಿಯನ್ನು ಎರಡು ಸಲ ಇಟ್ಟರೂ, ಕಂಪ್ಯೂಟರ್ ತನ್ನ ನಯದ ಚಪಲಕ್ಕೆ ನಡುವೆ ಗೆರೆಯನ್ನು ಉಬ್ಬಿಸುತ್ತಿತ್ತು. ಕೈ ಗಲ್ಲವನ್ನು ದಾಟಿ ಮೂಗಿನವರೆಗೆ ತೇಲಿ ಮರಳುತ್ತಿತ್ತು. ಅಷ್ಟಕ್ಕೇ ಪದ ಬದಲಾಗಿಬಿಡುತ್ತದೆ. ಅಂಥ ಉಬ್ಬುಗಳನ್ನು ಹುಡುಕಿ ಹುಡುಕಿ ತಟ್ಟಿ ಸಮ ಮಾಡಿದೆ. ‘ಬೇಡ’ದ ಚಿಕ್ಕ ಬೀಸನ್ನು ಅದರ ಚುರುಕಿನ ಸಮೇತ ಅದರ ಜಾಗದಲ್ಲಿ ಕೂರಿಸಿದೆ.

ಕೆಲಸ ನಿಧಾನ. ಆದರೆ ಪ್ರತಿ ವಾಕ್ಯ ಮುಗಿದಾಗಲೂ ಅದು ಸರಿ ಇದೆ ಎಂದು ನನಗೇ ಗೊತ್ತಾಗುತ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಸುಖ ಅದಕ್ಕೆ ಮುಂಚೆ ನನಗೆ ಸಿಕ್ಕಿರಲಿಲ್ಲ.

ಪಾಠಗಳು ಅರ್ಧಕ್ಕೆ ಬಂದಿದ್ದವು. ಆಟಿಯ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಬೆಳಗ್ಗೆ ಬಸ್ಸಿಳಿದು ಶಾಲೆಗೆ ಹೋದರೆ ಲಿಸ್ಸಿ ಟೀಚರ್ ಇರಲಿಲ್ಲ. ಮಕ್ಕಳೆಲ್ಲ ಕಿಟಕಿಯ ಸರಳು ಹಿಡಿದು ಗೇಟಿನ ಕಡೆಗೇ ನೋಡುತ್ತಿದ್ದರು. ಸುಮತಿ ಟೀಚರ್ ನನ್ನನ್ನು ಜಗಲಿಗೆ ಕರೆದರು.

“ನಿನ್ನೆ ಸಂಜೆ ಬಿಪಿ ಏರಿತು ಹೇಮಾ. ಪುತ್ತೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಇನ್ನು ಹೆರಿಗೆವರೆಗೆ ಏಳ್ಲಿಕ್ಕೆ ಇಲ್ಲವಂತೆ.” ಕಿಟಕಿಯ ಕಡೆ ನೋಡಿ ಹೇಳಿದರು: “ಮಕ್ಕಳಿಗೆ ನಾನು ಹೇಳಿದೆ. ಅರ್ಥ ಆದ ಹಾಗೆ ಕಾಣುದಿಲ್ಲ. ಅವರ ಪ್ರಶ್ನೆ ನನಗೂ ಪೂರ್ತಿ ಅರ್ಥ ಆಗುದಿಲ್ಲ.”

ಅಫ್ರಾ ನನ್ನ ಕೈ ಹಿಡಿದು ಎಳೆದು, ಗೇಟಿನ ಕಡೆ ತೋರಿಸಿದಳು. ಟೀಚರ್ ಎಲ್ಲಿ? ನನಗೆ ಬರುತ್ತಿದ್ದ ಭಾಷೆಯಲ್ಲಿ ಹೇಳಿದೆ: ಮಗು ಬರುತ್ತದೆ, ಟೀಚರ್ ಮಲಗಬೇಕು, ಆಮೇಲೆ ಬರುತ್ತಾರೆ. ಅವಳು ನನ್ನ ಕೈಗಳನ್ನು ಅನುಮಾನದಿಂದ ನೋಡಿ, ಮತ್ತೊಮ್ಮೆ ಹೇಳಿಸಿ, ತಿರುಗಿ ಉಳಿದ ಮಕ್ಕಳಿಗೆ ನನಗಿಂತ ಹತ್ತು ಪಾಲು ಚೆನ್ನಾಗಿ ಹೇಳಿದಳು. ಮಕ್ಕಳು ಕಿಟಕಿ ಬಿಟ್ಟು ಚಾಪೆಗೆ ಬಂದರು.

ಮಧ್ಯಾಹ್ನ ಆಸ್ಪತ್ರೆಗೆ ಓಡಿದೆ. ಲಿಸ್ಸಿ ಟೀಚರ್ ಎಡಕ್ಕೆ ವಾಲಿ ಮಲಗಿದ್ದರು, ಮುಖ ಊದಿತ್ತು. ಬಲಗೈಗೆ ಡ್ರಿಪ್ ಹಾಕಿ ಪಟ್ಟಿಯಿಂದ ಹಲಗೆಗೆ ಕಟ್ಟಿದ್ದರು, ಎಡಗೈ ಮೈಯ ಕೆಳಗೆ ಅರ್ಧ ಸಿಕ್ಕಿಕೊಂಡಿತ್ತು. ಮೊಬೈಲ್ ಹಿಡಿಯುವಂತಿರಲಿಲ್ಲ. ನರ್ಸ್ ಬಂದು ಏನೋ ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಟೀಚರ ಕಣ್ಣಲ್ಲಿ ಭಯ ಇತ್ತು. ಅವರನ್ನು ಹಾಗೆ ನಾನು ನೋಡಿಯೇ ಇರಲಿಲ್ಲ.

ನಾನು ಮಂಚ ಬಳಸಿ ಬಂದು ಅವರ ಮುಖದ ಎದುರು ನೆಲದಲ್ಲೇ ಕೂತೆ. ಅವರು ಎಡ ಮುಂಗೈಯನ್ನು ಹೊರಗೆಳೆದು, ಬೆರಳುಗಳಿಂದಷ್ಟೇ ಮಾತಾಡಿದರು. ಎರಡು ಕೈ ಬೇಕಾದ ಪದಗಳು, ಗಲ್ಲದ, ಹಣೆಯ ಹತ್ತಿರ ಹೇಳಬೇಕಾದ ಪದಗಳು ಎಲ್ಲವೂ ಹಾಸಿಗೆಯ ಬಟ್ಟೆಯ ಮೇಲೆ, ಒಂದು ಗೇಣಿನೊಳಗೆ. ಆಶ್ಚರ್ಯ ಎಂದರೆ ನನಗೆ ಒಂದೂ ತಪ್ಪಲಿಲ್ಲ. ಅರ್ಧದಷ್ಟು ಆಕಾರಗಳೇ ಇರಲಿಲ್ಲ, ಆದರೂ ನಿಲ್ಲಬೇಕಾದಲ್ಲಿ ಬೆರಳು ನಿಲ್ಲುತ್ತಿತ್ತು, ಹಾರಬೇಕಾದಲ್ಲಿ ಹಾರುತ್ತಿತ್ತು. ಡಾಕ್ಟರರು ಹೇಳಿದ್ದು ತಮಗೆ ಸರಿಯಾಗಿ ಗೊತ್ತಾಗಲಿಲ್ಲ ಎಂದರು. ಮಗುವಿಗೆ ಏನಾದರೂ ಆಗಿದೆಯಾ ಎಂದು ಕೇಳಿದರು. ಕೊನೆಯ ಪದದಲ್ಲಿ ಬೆರಳು ನಿಂತೇ ಇತ್ತು.

ನಾನು ಹೋಗಿ ಡಾಕ್ಟರರನ್ನು ಕರೆದು ತಂದೆ. ಅವರು ತಾಳ್ಮೆಯಿಂದ ಎಲ್ಲ ಮತ್ತೆ ಹೇಳಿದರು, ನಾನು ಕೈಯಲ್ಲಿ ಹೇಳಿದೆ. ಮಗುವಿನ ಎದೆಬಡಿತ ಚೆನ್ನಾಗಿದೆ, ಬಿಪಿ ಇಳಿಯಬೇಕು, ಮಲಗಿಯೇ ಇರಬೇಕು. ನನ್ನ ಜೀವನದಲ್ಲಿ ಅಷ್ಟು ಎಚ್ಚರದಿಂದ ಯಾವ ಮಾತನ್ನೂ ಹೇಳಿರಲಿಲ್ಲ. ‘ಅಪಾಯ ಇಲ್ಲ’ ಎನ್ನುವಾಗ ಆ ‘ಇಲ್ಲ’ವನ್ನು ಅವರ ಕಣ್ಣೆದುರು ಕಲ್ಲಿನ ಹಾಗೆ ನಿಲ್ಲಿಸಿದೆ. ಅವರು ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ಆ ಎಡಗೈ ಬೆರಳುಗಳು ಮತ್ತೆ ಅಲ್ಲಾಡಿದವು: ‘ಪಾಠ ಎಲ್ಲಿಗೆ ಬಂತು? ಲ್ಯಾಪ್‌ಟಾಪ್ ತಾ.’

ಅಲ್ಲಿಂದ ಮುಂದೆ ನನ್ನ ದಿನಗಳು ಬದಲಾದವು. ಆಸ್ಪತ್ರೆ ಸ್ಟುಡಿಯೋದಿಂದ ನಡೆದು ಹೋಗುವಷ್ಟೇ ದೂರ. ಸಂಜೆ ಭೇಟಿಯ ಹೊತ್ತಿಗೆ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋಗಿ ಹೊಸ ಪಾಠ ತೋರಿಸುತ್ತಿದ್ದೆ. ಟೀಚರ್ ಮಲಗಿದಲ್ಲಿಂದಲೇ ಬೆರಳೆತ್ತಿ ನಿಲ್ಲಿಸುತ್ತಿದ್ದರು: ಇಲ್ಲಿ ಬೇಗ, ಇಲ್ಲಿ ಇನ್ನಷ್ಟು ಕಾಯಲಿ. ಹಾಗೆ ತಿದ್ದುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಂದು ಸಂಜೆ ಕಪ್ಪೆಯ ಪಾಠ ಪೂರ್ತಿ ಓಡಿತು, ಬೆರಳು ಏಳಲೇ ಇಲ್ಲ. ನಿದ್ದೆ ಬಂತೇನೋ ಎಂದು ನೋಡಿದರೆ, ಕಪ್ಪೆ ಮುಂದೆ ಏನು ಮಾಡುತ್ತದೆ ಎಂದು ಕಣ್ಣರಳಿಸಿ ನೋಡುತ್ತಿದ್ದರು.

ಗೊಂಬೆ ಪ್ರಶ್ನೆ ಕೇಳಿದ ಮೇಲೆ ಮಕ್ಕಳ ಉತ್ತರಕ್ಕೆ ಕಾಯುವ ಜಾಗಗಳು ಉಳಿದಿದ್ದವು. ಗೆರೆಯನ್ನು ಪೂರ್ತಿ ಮಲಗಿಸಿದರೆ ಗೊಂಬೆ ಸತ್ತ ಹಾಗೆ ಕಾಣುತ್ತಿತ್ತು. ಭುಜಕ್ಕೆ ಉಸಿರಾಟದಷ್ಟು ಏರಿಳಿತ ಕೊಟ್ಟೆ, ತಲೆಯನ್ನು ಕೂದಲೆಳೆಯಷ್ಟು ಮುಂದೆ ಬಾಗಿಸಿದೆ. ಈಗ ಅವಳು ನಿಜವಾಗಿ ಕೇಳಿಸಿಕೊಳ್ಳುವವಳ ಹಾಗೆ ಕಾಯುತ್ತಿದ್ದಳು. ಅದನ್ನು ಶಾಲೆಯಲ್ಲಿ ಹಾಕಿದ ದಿನ ಗಣೇಶಣ್ಣನೂ ಕಾರಿನಲ್ಲಿ ನನ್ನ ಜೊತೆ ಬಂದಿದ್ದ. ಗೊಂಬೆ ಕೇಳಿದಳು: ಕಪ್ಪೆ ಮಳೆಯಲ್ಲಿ ಯಾಕೆ ಕೂಗುತ್ತದೆ? ಚಾಪೆಯ ತುಂಬ ಕೈಗಳು ಎದ್ದವು. ಹಸಿವು, ಸಿಟ್ಟು, ಅಮ್ಮ ಬೇಕು, ಸ್ನಾನ ಇಷ್ಟ! ಯಾರೂ ಗೊಂಬೆಯ ಜಡೆ ನೋಡಲಿಲ್ಲ, ಕೈ ನೋಡಲಿಲ್ಲ. ಎಲ್ಲರಿಗೂ ಕಪ್ಪೆಯದೇ ಚಿಂತೆ.

ಸದ್ದೇ ಇಲ್ಲದ ಆ ಗದ್ದಲವನ್ನು ಗಣೇಶಣ್ಣ ಗೋಡೆಗೆ ಒರಗಿ ನೋಡಿದ. “ಎಂತ ಹೇಳ್ತಾರೆ ಇವರು?” ಎಂದು ಪಿಸುಗುಟ್ಟಿದ.

“ಪಿಸುಗುಟ್ಟುದು ಬೇಡ ಅಣ್ಣ, ಅವರಿಗೆ ತೊಂದರೆ ಆಗುದಿಲ್ಲ” ಎಂದೆ. ಅವನು ಜೋರಾಗಿ ನಕ್ಕ. ಮರಳುವಾಗ ದಾರಿಯಿಡೀ ಜ್ಯುವೆಲ್ಲರಿಯ ಮಾತೇ ಎತ್ತಲಿಲ್ಲ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಲಿಸ್ಸಿ ಟೀಚರಿಗೆ ಹೆಣ್ಣು ಮಗು ಹುಟ್ಟಿತು. ಅವಸರಕ್ಕೆ ಬಂದ ಪುಟ್ಟ ಮಗು, ಆದರೆ ಗಟ್ಟಿ. ಅಷ್ಟು ಹೊತ್ತಿಗೆ ಪಾಠಗಳೆಲ್ಲ ಮುಗಿದಿದ್ದವು. ದಿನಕ್ಕೊಂದರಂತೆ ಅವು ಶಾಲೆಯಲ್ಲಿ ಓಡುತ್ತಿದ್ದವು, ಸುಮತಿ ಟೀಚರ್ ಕೂಡ ಮಕ್ಕಳ ಜೊತೆ ಕೂತು ಕಲಿಯುತ್ತಿದ್ದರು. ಚಳಿಗಾಲದಲ್ಲಿ ಒಂದು ದಿನ, ರಜೆ ಇನ್ನೂ ಉಳಿದಿದ್ದರೂ, ಮಗುವನ್ನು ತೋರಿಸಲು ಲಿಸ್ಸಿ ಟೀಚರ್ ಶಾಲೆಗೆ ಬಂದರು. ನನಗೂ ಕರೆ ಬಂದಿತ್ತು.

ಮಕ್ಕಳು ಮುತ್ತಿಕೊಂಡರು. ಎಲ್ಲರ ಕೈಗಳೂ ಒಟ್ಟಿಗೆ ಮಾತಾಡುತ್ತಿದ್ದವು: ಕಪ್ಪೆ ಯಾಕೆ ಕೂಗುತ್ತದೆ, ತೋಡಿನ ನೀರು ಎಲ್ಲಿಗೆ ಹೋಗುತ್ತದೆ, ಗುಂಡ್ಯದಲ್ಲಿ ಎರಡು ಹೊಳೆ ಸೇರುತ್ತವಂತೆ, ಚಂದ್ರ ಯಾಕೆ ಸಣ್ಣ ಆಗುತ್ತಾನೆ. ಅಫ್ರಾ ಎಲ್ಲರನ್ನೂ ತಳ್ಳಿ ಮುಂದೆ ಬಂದು, ಒಂದು ಕಥೆಯನ್ನೇ ಶುರುವಿನಿಂದ ಕೊನೆಯವರೆಗೆ ಹೇಳಿದಳು. ವಾಕ್ಯಗಳು ತುಂಡಾಗಿರಲಿಲ್ಲ, ಹೆದರಿಸುವಲ್ಲಿ ಹೆದರಿಸಿದಳು, ತಡೆಯುವಲ್ಲಿ ತಡೆದಳು. ಲಿಸ್ಸಿ ಟೀಚರ್ ಮಗುವನ್ನು ಎದೆಗವಚಿ, ಅಲ್ಲಾಡದೆ ನೋಡಿದರು. ಕಥೆ ಮುಗಿದ ಮೇಲೆ ಒಂದು ಕೈ ಬಿಡಿಸಿ ಕೇಳಿದರು: “ಇದೆಲ್ಲ ನಿನಗೆ ಯಾರು ಹೇಳಿಕೊಟ್ಟದ್ದು?”

ಅಫ್ರಾ ಟಿವಿಯ ಕಡೆ ತೋರಿಸಿದಳು. ಆಮೇಲೆ ಮೂಗು ಮುರಿದು ಸೇರಿಸಿದಳು: “ಅವಳು ಒಳ್ಳೆಯವಳು. ಆದರೆ ಯಾವತ್ತೂ ಹೇಳಿದ್ದನ್ನೇ ಹೇಳ್ತಾಳೆ. ಈಗ ನೀವು ಹೇಳಿ.”

ನನಗೆ ಬೇಸರವಾಗಬೇಕಿತ್ತೇನೋ. ಆಗಲಿಲ್ಲ. ಹೊಸತು ಬೇಕು ಎಂದು ಕೇಳುವಷ್ಟು ಭಾಷೆ ಅವಳಿಗೆ ಬಂದಿತ್ತು, ಟೀಚರ್ ಇಲ್ಲದ ಆ ತಿಂಗಳುಗಳು ಖಾಲಿ ಹೋಗಿರಲಿಲ್ಲ. ಲಿಸ್ಸಿ ಟೀಚರ್ ನನ್ನ ಕಡೆ ನೋಡಿ ನಕ್ಕು, ಎದ್ದು ಬಂದು, ಮಗುವನ್ನು ನನ್ನ ತೋಳಿಗೆ ಕೊಟ್ಟರು. ಎರಡೂ ಕೈ ಬರಿದಾದ ಮೇಲೆ ಮಕ್ಕಳ ಮುಂದೆ ಚಾಪೆಯಲ್ಲಿ ಕೂತು ಒಂದು ಹೊಸ ಕಥೆ ಆರಂಭಿಸಿದರು. ನಾನು ಆ ಕೈಗಳನ್ನು ಬಿಡಿಸಿ ನೋಡಲಿಲ್ಲ, ಎಲ್ಲಿ ನಿಂತಿತು, ಎಲ್ಲಿ ಬಾಗಿತು ಎಂದು ಲೆಕ್ಕ ಹಾಕಲಿಲ್ಲ. ಮಲಗಿದ ಮಗುವನ್ನು ತೂಗುತ್ತಾ, ಮಕ್ಕಳ ಹಿಂದೆ ನಿಂತು, ಕಥೆ ಕೇಳಿದೆ.